30 ಎಕ್ಸ್ ನಂಬಿ ಕೆಟ್ಟೆ: ನನ್ನ ಐ ಗ್ಲಾಸ್ ಕಥೆ

ನನ್ನ ಡ್ರಾಯರಲ್ಲಿ ಹನ್ನೊಂದು ಐ ಗ್ಲಾಸ್ ಇವೆ. ಐ ಗ್ಲಾಸ್ ಅಂದರೆ ವಾಚ್ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳೋ ಭೂತಗನ್ನಡಿ. ಕೆಲಸಕ್ಕೆ ಬರೋದು ಎರಡೇ. ಉಳಿದ ಒಂಬತ್ತಕ್ಕೆ ಸುರಿದ ದುಡ್ಡು ಸುಮಾರು ಆರು ಸಾವಿರ ಇರಬಹುದು. ಮನೆಯಲ್ಲಿ ಎರಡು ಸಾವಿರ ಅಂತ ಹೇಳಿದ್ದೇನೆ.

ಹಳೆ ಎಚ್‌ಎಂಟಿ ವಾಚು ತಂದು, ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಓಡಿಸೋದು ನನ್ನ ಭಾನುವಾರದ ಚಟ. ಏಳೆಂಟು ವರ್ಷ ಆಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋದು ಅಂತ ತೀರ್ಮಾನ ಮಾಡಿತಲ್ಲ, ಆಮೇಲೆ ಅದರ ಜನತಾ, ಪೈಲಟ್ ಮಾಡೆಲ್‌ಗಳ ರೇಟು ಏರಿತು. ಅದರ ಹಿಂದೆಯೇ ರೀಡಯಲ್ ಮಾಲೂ ಬಂತು, ಅಂದರೆ ಹಳೆ ಡಯಲಿಗೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಅಚ್ಚು ಹಾಕಿದ್ದು. ನನಗೂ ಒಂದು ಬಿತ್ತು. ಆನ್‌ಲೈನಲ್ಲಿ ಸಿಕ್ಕಿದ ಕಪ್ಪು ಡಯಲಿನ ಪೈಲಟ್, 3,200 ಕೊಟ್ಟೆ. ಕೈಗೆ ಬಂದಾಗ ಐ ಗ್ಲಾಸ್ ಹಾಕಿ ನೋಡಿದೆ, ಚೆನ್ನಾಗೇ ಕಂಡಿತು. ಒಂದು ತಿಂಗಳಾದ ಮೇಲೆ ಒಬ್ಬ ಗೆಳೆಯ ತನ್ನ ಗ್ಲಾಸಲ್ಲಿ ನೋಡಿ ನಕ್ಕ. ಅಕ್ಷರದ ಅಂಚು ಹರಡಿತ್ತು. ನಿಮಿಷದ ಗೆರೆಗಳಲ್ಲಿ ಒಂದು ದಪ್ಪ, ಪಕ್ಕದ್ದು ತೆಳು. ಡಯಲಿನ ಅಂಚಲ್ಲಿ ಹಳೆ ಬಣ್ಣದ ಮೇಲೆ ಹೊಸ ಬಣ್ಣ ಕೂತಿತ್ತು. ಕೊನೆಗೆ 900ಕ್ಕೆ ಕೊಟ್ಟೆ, ರೀಡಯಲ್ ಅಂತ ಹೇಳಿಯೇ ಕೊಟ್ಟೆ.

ನನ್ನ ಗ್ಲಾಸ್ ಮೇಲೆ "30 ಎಕ್ಸ್ 21 ಎಂಎಂ" ಅಂತ ಕೆತ್ತಿತ್ತು, ಅಂದರೆ ಮೂವತ್ತು ಪಟ್ಟು ದೊಡ್ಡದಾಗಿ ತೋರಿಸೋ 21 ಎಂಎಂ ಅಗಲದ ಗಾಜು. ಅವನದು ಬರೀ 10 ಎಕ್ಸ್. 30ರಲ್ಲಿ ಕಾಣದ್ದು 10ರಲ್ಲಿ ಹೇಗೆ ಕಂಡಿತು? ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಸ್ಕೇಲು ತಂದೆ.

ಲೆಕ್ಕ ಸುಲಭ. ಲೆನ್ಸಿನ ಫೋಕಸ್ ದೂರ ಎಷ್ಟು ಎಂಎಂ ಇದೆಯೋ ಅದರಿಂದ 250ನ್ನು ಭಾಗಿಸಿದರೆ ಪವರ್, ಅಂದರೆ ಆ ಎಕ್ಸ್, ಬರುತ್ತದೆ. ಕೆಲವರು ಅದಕ್ಕೆ ಒಂದು ಸೇರಿಸಿ ಬರೀತಾರೆ, ಇರಲಿ. ಟ್ಯೂಬ್‌ಲೈಟ್ ಕೆಳಗೆ ನೆಲದ ಮೇಲೆ ಬಿಳಿ ಕಾಗದ ಇಟ್ಟೆ. ಟ್ಯೂಬಿನ ಗೆರೆ ಕಾಗದದ ಮೇಲೆ ಚೂಪಾಗಿ ಬೀಳೋ ತನಕ ಲೆನ್ಸನ್ನು ಮೇಲೆ ಕೆಳಗೆ ಆಡಿಸಿದೆ. ಲೆನ್ಸಿಂದ ಕಾಗದಕ್ಕೆ 26, 27 ಎಂಎಂ ಬಂತು. ನಿಜವಾದ 30 ಆಗಿದ್ದರೆ 8 ಎಂಎಂ ಆಸುಪಾಸು ಬರಬೇಕಿತ್ತು. ಅಷ್ಟು ಗಿಡ್ಡ ಫೋಕಸ್ಸಿಗೆ 21 ಎಂಎಂ ಅಗಲದ ಗಾಜು ಎಲ್ಲಿಂದ ಬರಬೇಕು ಹೇಳಿ! ಅಂದರೆ ನನ್ನದೂ 10ರ ಹತ್ತಿರದ್ದೇ, ಅದೂ ಒಂಟಿ ಗಾಜು. ಅಂಚಲ್ಲಿ ಕಾಮನಬಿಲ್ಲು ಬೇರೆ. ಗೆಳೆಯನದು ಮೂರು ಗಾಜು ಅಂಟಿಸಿದ ಟ್ರಿಪ್ಲೆಟ್, ವಜ್ರದ ವ್ಯಾಪಾರಿಗಳು ಇಟ್ಟುಕೊಳ್ಳೋ ಥರದ್ದು.

ಅವತ್ತಿಂದ ಸ್ಕೇಲು ಹಿಡಿಯದೆ ಗ್ಲಾಸ್ ಕೊಂಡಿಲ್ಲ. ಚಿಕ್ಕಪೇಟೆ ಕಡೆ ನಾನು ಬಿಡಿಭಾಗ ತರೋ ಅಂಗಡಿಯ ಹಿರಿಯರು ಇದನ್ನ ನೋಡಿ ಬಿದ್ದು ಬಿದ್ದು ನಕ್ಕರು. "ಏನ್ ಸ್ವಾಮಿ, ಬಟ್ಟೆ ಅಳದಂಗೆ ಅಳೀತೀರಲ್ಲ. ಕಣ್ಣಿಗೆ ಹಾಕ್ಕೊಂಡ್ ನೋಡಿ, ಕಂಡ್ರೆ ತಗೊಳ್ಳಿ, ಇಲ್ದಿದ್ರೆ ಬಿಡಿ." ಪಕ್ಕದವರೂ ಸೇರಿಕೊಂಡರು. ನಾನು ಸುಮ್ನಿದ್ದೆ.

ಟ್ರಿಪ್ಲೆಟ್ ನಾನೂ ಕೊಂಡೆ, ಸುಮಾರು 1,200. ಹುಮ್ಮಸ್ಸಿಗೆ ಒಂದು 10 ಎಕ್ಸ್ ಕಣ್ಣಿಗೆ ಸಿಕ್ಕಿಸೋದನ್ನೂ ಕೊಂಡು, ಅದರಲ್ಲೇ ಕೆಲಸ ಮಾಡಲು ಹೋದೆ. ಅದೇ ಎರಡನೇ ತಪ್ಪು. 10ರಲ್ಲಿ ವಾಚು ಗಾಜಿಗೆ ಒಂದು ಇಂಚು ದೂರ. ಸ್ಕ್ರೂಡ್ರೈವರ್ ಹಣೆಗೆ ತಾಗುತ್ತದೆ, ತಲೆಯ ನೆರಳು ಕೆಲಸದ ಮೇಲೆಯೇ ಬೀಳುತ್ತದೆ. ಬ್ಯಾಲೆನ್ಸ್, ಅಂದರೆ ಹಿಂದೆ ಮುಂದೆ ಆಡಿ ವಾಚಿನ ವೇಗ ಕಾಯೋ ಚಕ್ರ, ಕೂರಿಸುವಾಗ ಅದನ್ನು ಹಿಡಿಯೋ ಮೇಲಿನ ಪಟ್ಟಿ (ಬ್ರಿಡ್ಜ್) ಚೂಪಾಗಿ ಕಂಡರೆ ಅದರ ಅಚ್ಚು ಕೂರೋ ಕೆಳಗಿನ ಕಲ್ಲು ಮಂಜು. ಅಂದಾಜಿನ ಮೇಲೆ ಒತ್ತಿದೆ. ಅದರ ಕೂದಲೆಳೆಯಂಥ ಸುರುಳಿ ಹೇರ್‌ಸ್ಪ್ರಿಂಗ್ ಚಿಮಟಕ್ಕೆ ಸಿಕ್ಕಿ ಜಿಲೇಬಿ ಆಯಿತು. ಇನ್ನೊಂದು ಬ್ಯಾಲೆನ್ಸ್‌ಗೆ 350. ಮುಂದಿನ ವಾರ ಬ್ಯಾಲೆನ್ಸನ್ನು ಪೆಟ್ಟಿಂದ ಕಾಯೋ ಚಿಕ್ಕ ಪ್ಯಾರಾ ಶಾಕ್ ಸ್ಪ್ರಿಂಗ್ ಹಾರಿಹೋಯಿತು. ಟಾರ್ಚ್ ಹಿಡಿದು ಮಂಚದ ಕೆಳಗೆ ಎರಡು ಗಂಟೆ ಹುಡುಕಿದೆ. ಮಗಳು ಕಳೆದುಕೊಂಡಿದ್ದ ಓಲೆಯ ತಿರುಪು ಸಿಕ್ಕಿತು, ಸ್ಪ್ರಿಂಗ್ ಇವತ್ತಿಗೂ ಸಿಕ್ಕಿಲ್ಲ.

ಈಗ ಬಿಚ್ಚೋದು, ಜೋಡಿಸೋದು ಎಲ್ಲ 3.3 ಎಕ್ಸ್‌ನಲ್ಲೇ. ಫೋಕಸ್ ಸುಮಾರು 75 ಎಂಎಂ, ಅಂದರೆ ಮೂರು ಇಂಚು. ಎರಡೂ ಕೈ ಆರಾಮಾಗಿ ಆಡುತ್ತವೆ. 10 ಬರೀ ನೋಡಲಿಕ್ಕೆ. ಡಯಲ್ ನೋಡು, ಕಲ್ಲು ಒಡೆದಿದೆಯಾ ನೋಡು, ಎಣ್ಣೆ ಎಷ್ಟು ಕೂತಿದೆ ನೋಡು, ತೆಗೆದಿಡು. ಇಷ್ಟು ಮಾಡಿದ ಮೇಲೆ ನಾನು ಕೆಡಿಸಿದ ಹೇರ್‌ಸ್ಪ್ರಿಂಗ್ ಒಂದೇ, ಅದೂ ಕರೆಂಟ್ ಹೋದಾಗ. ಈ ವರ್ಷ ಮೂವತ್ತರ ಮೇಲೆ ವಾಚು ಕೊಂಡಿದ್ದೇನೆ, ಒಂದು ರೀಡಯಲ್ಲೂ ಬಂದಿಲ್ಲ. ಪೈಲಟ್ ಡಯಲಲ್ಲಿ ಮೊದಲು ಎಲ್ಲಿ ನೋಡ್ತೇನೆ ಅನ್ನೋದು ಮಾತ್ರ ಬರೆಯೋದಿಲ್ಲ. ಮಾರೋರೂ ಓದ್ತಾರಲ್ವಾ.

ಕೊಳ್ಳುವಾಗ ಜೇಬಲ್ಲಿ ಒಂದು ತುಂಡು ಗ್ರಾಫ್ ಹಾಳೆ ಇರಲಿ. ಅಂಚಿನ ಚೌಕಗಳು ಡೊಂಕಾದರೆ, ಗೆರೆ ಪಕ್ಕ ಹಳದಿ ನೀಲಿ ಕಂಡರೆ ವಾಪಸ್ ಇಡಿ. ಕಣ್ಣಿಗೆ ಕೂರೋ ಬಟ್ಟಲಿನ ಪಕ್ಕದಲ್ಲಿ ಗಾಳಿ ಆಡಲು ತೂತು ಇದೆಯಾ ನೋಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಎರಡು ನಿಮಿಷಕ್ಕೆ ಮಂಜು ಕಟ್ಟುತ್ತದೆ. ನಾನು ಒಂದಕ್ಕೆ ಕಾಯಿಸಿದ ದಬ್ಬಣದಲ್ಲಿ ತೂತು ಹಾಕಿದೆ, ಹೊಗೆಯೆಲ್ಲ ಒಳಗೆ ಹೋಗಿ ಗಾಜಿಗೆ ಮೆತ್ತಿಕೊಂಡಿತು. ಗಾಜು ಬಿಚ್ಚಿ ಡ್ರಿಲ್ ಮಾಡಿ. ಗ್ಲಾಸನ್ನು ಹುಬ್ಬು ಗಂಟಿಕ್ಕಿ ಹಿಡಿಯೋ ಶೋಕಿ ಬೇಡ, ತಲೆನೋವು ಬರುತ್ತದೆ. ಅದನ್ನು ಹಿಡಿಯೋಕೆ ತಲೆಗೆ ಸುತ್ತೋ ತಂತಿ ಬಳೆ ಹಾಕಿ, ಎರಡೂ ಕಣ್ಣು ಬಿಟ್ಟೇ ನೋಡಿ.

ಒಂದು ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂತೆಯಲ್ಲಿ ಕೆಟ್ಟ ಫಿಲ್ಮ್ ಕ್ಯಾಮೆರಾದ 50 ಎಂಎಂ ಲೆನ್ಸ್ ಸಿಕ್ಕಿತು, 300 ರೂಪಾಯಿ. ಲೆಕ್ಕ ಹಾಕಿ, ಅದು 5 ಎಕ್ಸ್! ತಿರುಗಿಸಿ ಹಿಡಿದು ಜನತಾ ಡಯಲ್ ನೋಡಿದೆ. ಅಂಚಿಂದ ಅಂಚಿಗೆ ಗೆರೆ ನೆಟ್ಟಗೆ, ಬಣ್ಣ ಒಂಚೂರೂ ಒಡೆದಿಲ್ಲ. ನನ್ನ ಯಾವ ಗ್ಲಾಸೂ ಅಷ್ಟು ಚೆಂದ ತೋರಿಸಿಲ್ಲ. ಆದರೆ ಕಾಲು ಕೇಜಿ ಭಾರ, ಕಣ್ಣಲ್ಲಿ ಯಾರು ಹೊರ್ತಾರೆ? ಟೇಬಲ್ ಲ್ಯಾಂಪಿನ ಕೈಗೆ ಕಟ್ಟಿದೆ, ವಾರದಲ್ಲಿ ಲ್ಯಾಂಪೇ ಬಗ್ಗಿತು. ಫೋನಿಗೆ ಟ್ರಿಪ್ಲೆಟ್ ಹಿಡಿದು ಸ್ಲೋ ಮೋಷನಲ್ಲಿ ಬ್ಯಾಲೆನ್ಸಿನ ವಿಡಿಯೊ ತೆಗೆದಿದ್ದು ಮಾತ್ರ ಉಪಯೋಗಕ್ಕೆ ಬಂತು. ಜನತಾ ಗಂಟೆಗೆ 18,000 ಬಡಿತ, ಸೆಕೆಂಡಿಗೆ ಐದು. ಸೆಕೆಂಡಿಗೆ 240 ಫ್ರೇಮಲ್ಲಿ ಒಂದು ಬಡಿತಕ್ಕೆ 48 ಚಿತ್ರ. ಚಕ್ರ ಎಷ್ಟು ತಿರುಗಿ ನಿಲ್ಲುತ್ತದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಬೆಳಕು ಎಲ್ಲಿ ಇಡಬೇಕು ಅನ್ನೋದನ್ನ ನೀವೇ ಕಂಡುಕೊಳ್ಳಿ, ನನಗೆ ಎರಡು ತಿಂಗಳು ಹಿಡಿಯಿತು.

ಹೋದ ತಿಂಗಳು ಚಿಕ್ಕಪೇಟೆಗೆ ಹೋಗಿದ್ದೆ. ಹಿರಿಯರು ಆಚೀಚೆ ನೋಡಿ, "ಆ ಸ್ಕೇಲ್ ತಂದಿದೀರಾ?" ಅಂದರು. ಡ್ರಾಯರಿಂದ ಏಳು ಐ ಗ್ಲಾಸ್ ತೆಗೆದು ಸಾಲಾಗಿ ಇಟ್ಟರು. 5 ಅಂತ ಬರೆದಿದ್ದ ಒಂದು 3ಕ್ಕೂ ಬರಲಿಲ್ಲ. ಕೊನೆಗೆ ಅವರು ನಲವತ್ತು ವರ್ಷದಿಂದ ಕಣ್ಣಿಗೆ ಹಾಕ್ತಿರೋ ಕಪ್ಪು ಗ್ಲಾಸ್ ಕೊಟ್ಟರು. ಅಂಕಿ ಎಲ್ಲ ಅಳಿಸಿಹೋಗಿತ್ತು, ಅಂಚು ಸವೆದು ನುಣ್ಣಗಾಗಿತ್ತು. ಅಳೆದೆ. 76 ಎಂಎಂ.

"ಇದನ್ನ ಕೊಡ್ತೀರಾ?" ಅಂದೆ. ಅವರು ಕೈಯಿಂದ ಕಸಿದುಕೊಂಡು ಡ್ರಾಯರ್ ಮುಚ್ಚಿದರು.