ಎಳೆಯದ ಕೈ: ಬ್ರೀಚ್ ಹೆರಿಗೆ ಕಲಿಸಿದ ನನ್ನ ಅನುಭವ

ಮಗು ಬ್ರೀಚ್, ಅಂದರೆ ತಲೆಯ ಬದಲು ಪೃಷ್ಠವೋ ಕಾಲೋ ಮುಂದಾಗಿದೆ ಎಂದು ತಿಳಿದ ಕೂಡಲೇ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಸಿಸೇರಿಯನ್ ಎನ್ನುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. 26 ದೇಶಗಳ 2,088 ಗರ್ಭಿಣಿಯರನ್ನು ಒಳಗೊಂಡ ಟರ್ಮ್ ಬ್ರೀಚ್ ಟ್ರಯಲ್ ಎಂಬ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಮಗುವಿಗೆ ಮೊದಲೇ ನಿಗದಿಪಡಿಸಿದ ಸಿಸೇರಿಯನ್ನೇ ಸುರಕ್ಷಿತ ಎಂದು ಅದು ಹೇಳಿದ ಮೇಲೆ ಎಷ್ಟೋ ದೇಶಗಳಲ್ಲಿ ಯೋನಿಮಾರ್ಗದ ಬ್ರೀಚ್ ಹೆರಿಗೆ ಅಪರೂಪವಾಯಿತು. ಆ ಮಕ್ಕಳಲ್ಲಿ ಹಲವರನ್ನು ಎರಡು ವರ್ಷ ತುಂಬಿದಾಗ ಪರೀಕ್ಷಿಸಿದರೆ, ಸಾವಿನಲ್ಲಾಗಲಿ ನರಬೆಳವಣಿಗೆಯಲ್ಲಾಗಲಿ ಸಿಸೇರಿಯನ್‌ಗೆ ಮತ್ತು ಯೋನಿಮಾರ್ಗದ ಹೆರಿಗೆಗೆ ಯೋಜಿಸಿದ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂಬ ವರದಿ 2004ರಲ್ಲಿ ಬಂತು. ಅಷ್ಟರಲ್ಲಿ ಕಲಿಸಬಲ್ಲವರೇ ಕಡಿಮೆಯಾಗಿದ್ದರು.

ಆದರೆ ಹೆರಿಗೆ ನಮ್ಮ ನಿರ್ಧಾರಕ್ಕೆ ಕಾಯುವುದಿಲ್ಲ. 108 ಆಂಬ್ಯುಲೆನ್ಸಿನಿಂದ ಇಳಿಸುವಾಗಲೇ ಮಗುವಿನ ಪೃಷ್ಠ ಕಾಣುತ್ತಿರುತ್ತದೆ. ಅವಳಿಗಳಲ್ಲಿ ಮೊದಲನೆಯದು ತಲೆಯಿಂದ ಬಂದು ಎರಡನೆಯದು ಕಾಲು ಮುಂದಿಡುತ್ತದೆ. ಅಂಥ ಹೊತ್ತಿನಲ್ಲಿ ಪುಸ್ತಕದಲ್ಲಿ ಮಾತ್ರ ಓದಿದ ವೈದ್ಯೆ ಹೆದರುತ್ತಾಳೆ, ಹೆದರಿದ ಕೈ ಎಳೆಯುತ್ತದೆ. ಬ್ರೀಚ್‌ನಲ್ಲಿ ಅದಕ್ಕಿಂತ ದೊಡ್ಡ ಅಪಾಯವನ್ನು ನಾನು ಕಂಡಿಲ್ಲ.

ಆದ್ದರಿಂದ ನನ್ನ ಮೊದಲ ಪಾಠದಲ್ಲಿ ಕಲಿಯುವವರು ಕೈ ಕಟ್ಟಿ ನಿಲ್ಲುತ್ತಾರೆ. ಮೇಜಿನ ಮೇಲೆ ಸೊಂಟದ ಮೂಳೆಯ ಮಾದರಿ ಮತ್ತು ಬಟ್ಟೆಯ ಗೊಂಬೆ ಇರುತ್ತವೆ. ಒಬ್ಬರು ಗರ್ಭಕೋಶದ ಹಾಗೆ ಮೇಲಿನಿಂದ ನೂಕುತ್ತಾರೆ, ಇನ್ನೊಬ್ಬರು ಕೆಳಗೆ ನಿಂತು ನೋಡುತ್ತಾರೆ. ಆಮೇಲೆ ಬೇಕೆಂದೇ ಒಮ್ಮೆ ಎಳೆಯಿಸುತ್ತೇನೆ. ಗೊಂಬೆಯ ತೋಳುಗಳು ತಲೆಯ ಮೇಲಕ್ಕೆ ಹೋಗಿ ಸಿಕ್ಕಿಕೊಳ್ಳುತ್ತವೆ, ಗದ್ದ ಎದೆಯನ್ನು ಬಿಟ್ಟು ಮೇಲೇಳುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ ನಾನು ಮತ್ತೆ ವಿವರಿಸಬೇಕಾಗಿ ಬಂದಿಲ್ಲ.

ಕೈ ಹಾಕಲೇಬೇಕಾದಾಗ ಎಲ್ಲಿ ಹಿಡಿಯಬೇಕೆಂಬುದು ಮುಂದಿನ ಪಾಠ. ಮಗುವಿನ ಹೊಟ್ಟೆಯನ್ನು ಹಿಡಿದರೆ ಯಕೃತ್ತಿಗೆ ಪೆಟ್ಟಾದೀತು. ಹಿಡಿತ ಸೊಂಟದ ಮೂಳೆಗಳ ಮೇಲಿರಬೇಕು, ಹೆಬ್ಬೆರಳುಗಳು ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಮೇಲಿರಬೇಕು. ತೋಳು ಮೇಲೆ ಸಿಕ್ಕಿದ್ದರೆ ಲವ್‌ಸೆಟ್ ವಿಧಾನದಲ್ಲಿ, ಬೆನ್ನು ತಾಯಿಯ ಹೊಟ್ಟೆಯ ಕಡೆಗೇ ಇರುವಂತೆ, ಮಗುವನ್ನು 180 ಡಿಗ್ರಿ ತಿರುಗಿಸಬೇಕು. ಕತ್ತಿನ ಹಿಂಭಾಗದ ಕೂದಲಂಚು ಕಂಡ ಮೇಲಷ್ಟೇ ತಲೆಯ ಕೆಲಸ. ಮಗುವನ್ನು ಮುಂಗೈ ಮೇಲೆ ಮಲಗಿಸಿ ಎರಡು ಬೆರಳುಗಳನ್ನು ಕೆನ್ನೆಯ ಮೂಳೆಗಳ ಮೇಲೆ ಇಡಬೇಕು. ಇನ್ನೊಂದು ಕೈಯ ಬೆರಳು ತಲೆಯ ಹಿಂಭಾಗವನ್ನು ಒತ್ತಿ ಗದ್ದವನ್ನು ಎದೆಗೆ ತರುತ್ತದೆ. ಸಹಾಯಕರು ತಾಯಿಯ ಕಿಬ್ಬೊಟ್ಟೆಯ ಮೇಲೆ ಒತ್ತುತ್ತಾರೆ.

ಹಾಗೆಂದು ಸುಮ್ಮನೆ ನೋಡುತ್ತಲೇ ಇರುವಂತಿಲ್ಲ. ಹೊಕ್ಕುಳು ಕಂಡ ಮೇಲೆ ತಲೆ ಬರಲು ಮೂರು ನಿಮಿಷಕ್ಕಿಂತ ಹೆಚ್ಚಾದರೆ ಕೈ ಹಾಕಬೇಕು ಎನ್ನುತ್ತದೆ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2017ರ ಮಾರ್ಗಸೂಚಿ. ಹಾಗಾಗಿ ಗಡಿಯಾರ ನೋಡಿ ನಿಮಿಷಗಳನ್ನು ಗಟ್ಟಿಯಾಗಿ ಹೇಳುವ ಕೆಲಸವನ್ನು ಹೆರಿಗೆ ಕೋಣೆಯ ಸಿಸ್ಟರ್‌ಗೆ ಕೊಡುತ್ತೇನೆ. ಅವರೂ ಗೊಂಬೆಯ ತರಬೇತಿಗೆ ಬಂದಿರುತ್ತಾರೆ. ಗಾಬರಿಯಲ್ಲಿ ಒಂದು ನಿಮಿಷವೂ ಹತ್ತರಂತೆ ತೋರುವುದರಿಂದ ಆ ದನಿ ಬೇಕೇ ಬೇಕು.

ಗೊಂಬೆಯ ನಂತರದ ತರಗತಿ ನಡೆಯುವುದು ಸಿಸೇರಿಯನ್ ಮೇಜಿನಲ್ಲಿ. ಗರ್ಭಕೋಶದ ಗಾಯದ ಮೂಲಕ ಬ್ರೀಚ್ ಮಗುವನ್ನು ಹೊರತೆಗೆಯುವಾಗಲೂ ಇದೇ ಹಿಡಿತ, ಇದೇ ತಿರುವು, ಇದೇ ಬಾಗಿಸುವಿಕೆ. ಹೊಟ್ಟೆ ತೆರೆದಿದೆಯೆಂದು ಅಲ್ಲಿ ಎಳೆಯಲು ನಾನು ಬಿಡುವುದಿಲ್ಲ. ಯೋನಿಮಾರ್ಗದ ಬ್ರೀಚ್ ಹೆರಿಗೆಗಳು ಕಡಿಮೆಯಾದ ಈ ಕಾಲದಲ್ಲಿ ವಿದ್ಯಾರ್ಥಿಗಳ ಕೈ ಪಳಗುವುದು ಹೆಚ್ಚಾಗಿ ಇಲ್ಲಿಯೇ.

ಯಾರಿಗೆ ಈ ಹೆರಿಗೆ ಬೇಡ ಎಂಬುದನ್ನೂ ಅಷ್ಟೇ ಖಂಡಿತವಾಗಿ ಕಲಿಸುತ್ತೇನೆ. ಪಾದ ಮುಂದಾಗಿದ್ದರೆ, ಕತ್ತು ಹಿಂದಕ್ಕೆ ಬಾಗಿದ್ದರೆ, ಅಂದಾಜು ತೂಕ 3.8 ಕಿಲೋ ಮೀರಿದ್ದರೆ ಸಿಸೇರಿಯನ್ನೇ ಸರಿ.

ನಿಜವಾದ ಹೆರಿಗೆಯಲ್ಲಿ ನಾನು ವಿದ್ಯಾರ್ಥಿನಿಯ ಹಿಂದೆಯೇ ನಿಂತಿರುತ್ತೇನೆ. ಪೃಷ್ಠ ಹೊರಬಂದಾಗ ಅವಳು ತಿರುಗಿ, "ಎಳೆಯಲೇ ಮೇಡಂ?" ಎಂದು ಕೇಳುವುದುಂಟು. "ಬೇಡಮ್ಮ, ತಾಯಿ ಮುಕ್ಕಲಿ" ಎನ್ನುತ್ತೇನೆ. ಹಾಗೆ ಕೇಳುವುದನ್ನು ಅವಳು ಬಿಟ್ಟ ಮೇಲೆಯೇ ರಾತ್ರಿ ಪಾಳಿಯ ಬ್ರೀಚ್ ಹೆರಿಗೆಗಳನ್ನು ಅವಳಿಗೆ ಒಪ್ಪಿಸುತ್ತೇನೆ.