ಬೀಗ ನಮ್ಮದೇ, ಕೀಲಿಕೈ ಗಿಟ್‌ಹಬ್‌ನಲ್ಲಿ

ಮಂಗಳೂರಿನ ಬಿಜೈಯಲ್ಲಿ ನಮ್ಮದು ಐದು ಜನರ ಸಣ್ಣ ಸಾಫ್ಟ್‌ವೇರ್ ಆಫೀಸು. ಬಂದರಿನ ಕೆಲವು ಅಡಿಕೆ ವ್ಯಾಪಾರಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟಿದ್ದೇವೆ, ಅದು ಓಡುವುದು ಅಮೆಜಾನ್ ಕ್ಲೌಡ್‌ನ, ಅಂದರೆ ಅವರಿಂದ ಬಾಡಿಗೆಗೆ ಪಡೆದ ಸರ್ವರ್‌ಗಳ, ಮುಂಬೈ ರೀಜನ್‌ನಲ್ಲಿ (ರೀಜನ್ ಅಂದರೆ ಆ ಸರ್ವರ್‌ಗಳಿರುವ ಪ್ರದೇಶ). ತಿಂಗಳ ಬಿಲ್ಲು 6 ಸಾವಿರ ದಾಟುತ್ತಿರಲಿಲ್ಲ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ 1 ಲಕ್ಷದ 40 ಸಾವಿರ. ನಮ್ಮ ಸರ್ ಫೋನ್ ಮಾಡಿ, "ಎಂತ ಮಾರಾಯ ಇದು, ಸೊನ್ನೆ ಜಾಸ್ತಿ ಬಿದ್ದಿದೆಯಾ?" ಅಂದರು.

ಕನ್ಸೋಲ್, ಅಂದರೆ ನಮ್ಮ ಸರ್ವರ್‌ಗಳನ್ನು ನೋಡಿಕೊಳ್ಳುವ ಅಮೆಜಾನ್‌ನ ವೆಬ್ ಪುಟ, ತೆರೆದೆ. ನಮ್ಮ ಎರಡು ಸರ್ವರ್ ಬಿಟ್ಟರೆ ಏನೂ ಇಲ್ಲ. ಅರ್ಧ ಗಂಟೆ ಸುಮ್ನೆ ಅದನ್ನೇ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು, ಆ ಪುಟ ತೋರಿಸುವುದು ಒಂದು ರೀಜನ್ ಮಾತ್ರ, ಮೇಲೆ ಬಲಗಡೆ ಮುಂಬೈ ಅಂತ ಇರುತ್ತದಲ್ವಾ, ಅದನ್ನು ಬದಲಿಸಿ ನಾವು ಯಾವತ್ತೂ ಮುಟ್ಟದ ಒರೆಗಾನ್, ಫ್ರಾಂಕ್‌ಫರ್ಟ್, ಸಾವೊ ಪಾಲೊ ಒಂದೊಂದಾಗಿ ತೆರೆದರೆ ಎಲ್ಲ ಕಡೆ ಗೊತ್ತಿಲ್ಲದ ಮಶೀನ್‌ಗಳು ಓಡುತ್ತಿವೆ. ಯಾರೋ ನಮ್ಮ ಖರ್ಚಿನಲ್ಲಿ ಕ್ರಿಪ್ಟೊ ಮೈನಿಂಗ್, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ಮಾಡುತ್ತಿದ್ದರು.

ಕೀಲಿಕೈ ಕೊಟ್ಟದ್ದು ನಾನೇ. ಹಿಂದಿನ ವಾರ ಒಂದಿಷ್ಟು ಕೋಡ್ ಅನ್ನು, ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಪಬ್ಲಿಕ್ ಆಗಿ ಹಾಕಿದ್ದೆ, ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲ್‌ನಲ್ಲಿ ಆಕ್ಸೆಸ್ ಕೀ ಇತ್ತು, ನಮ್ಮ ಕ್ಲೌಡ್ ಖಾತೆಗೆ ಅದು ಪಾಸ್‌ವರ್ಡ್ ಇದ್ದ ಹಾಗೆ. ಹತ್ತು ನಿಮಿಷದಲ್ಲಿ ಗೊತ್ತಾಗಿ ಆ ಸಾಲು ಅಳಿಸಿ ಮತ್ತೆ ಪುಶ್ ಮಾಡಿದೆ, ಅಂದರೆ ಅಲ್ಲಿಗೆ ಏರಿಸಿದೆ. ಗಿಟ್‌ನ ಹಿಸ್ಟರಿಯಲ್ಲಿ, ಅಂದರೆ ಕೋಡ್‌ನ ಬದಲಾವಣೆಗಳ ದಾಖಲೆಯಲ್ಲಿ, ಹಳೆಯದೆಲ್ಲ ಹಾಗೆಯೇ ಉಳಿಯುತ್ತದೆ ಅಂತ ಗೊತ್ತಿರಲಿಲ್ಲ ಎಂದೇನಲ್ಲ, ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ ಅಷ್ಟೆ. ಇಂಥ ಕೀ ಹುಡುಕುವುದೇ ಕೆಲಸವಾದ ಬಾಟ್‌ಗಳಿವೆ (ತಾವಾಗಿಯೇ ಓಡುವ ಪ್ರೋಗ್ರಾಂಗಳು), ಅವಕ್ಕೆ ಹತ್ತು ನಿಮಿಷ ಧಾರಾಳ. ಆ ಕ್ಷಣವೇ ಕೀ ರದ್ದು ಮಾಡಬೇಕಿತ್ತು. ಅಮೆಜಾನ್‌ನವರು ಎಚ್ಚರಿಕೆಯ ಮೇಲ್ ಕಳಿಸಿದ್ದರು, ನಮ್ಮಲ್ಲಿ ಯಾರೂ ತೆರೆಯದ ವಿಳಾಸಕ್ಕೆ. ಇನ್ನೊಂದು, ಆ ಕೀಯ ಕೆಲಸ ಬಿಲ್ಲಿನ ಪಿಡಿಎಫ್ ತಂದು ಎಸ್‌-ಥ್ರೀ ಬಕೆಟ್‌ಗೆ, ಅಂದರೆ ಅಮೆಜಾನ್‌ನಲ್ಲಿ ಫೈಲ್ ಇಡುವ ಜಾಗಕ್ಕೆ, ಹಾಕುವುದು ಒಂದೇ. ನಾನು ಸೋಮಾರಿತನದಿಂದ ಖಾತೆಯಲ್ಲಿ ಏನು ಬೇಕಾದರೂ ಮಾಡಬಹುದಾದ ಅಡ್ಮಿನ್ ಅಧಿಕಾರ ಕೊಟ್ಟಿದ್ದೆ.

ಕೀ ಮುಚ್ಚಿದೆ, ಮಶೀನ್‌ಗಳನ್ನೆಲ್ಲ ತೆಗೆದೆ. ಸಂಜೆ ಮತ್ತೆ ಓಡುತ್ತಿವೆ! ಕಳ್ಳ ಒಳಗೆ ಬಂದವನೇ 'ಬ್ಯಾಕಪ್' ಅನ್ನುವ ಹೆಸರಲ್ಲಿ ಹೊಸ ಯೂಸರ್ ಮಾಡಿಕೊಂಡಿದ್ದ. ಯಾರಿಗೆ ಅನುಮಾನ ಬರಬೇಕು ಹೇಳಿ. ಅದನ್ನೂ ತೆಗೆದ ಮೇಲೆಯೇ ನಿಂತದ್ದು.

ಸರ್‌ದು ಒಂದೇ ಮಾತು, "ಕ್ಲೌಡ್ ಸೇಫ್ ಅಂತ ಹೇಳಿದ್ದಲ್ವಾ ನೀನು?" ಕಟ್ಟಡ, ಡಿಸ್ಕ್, ಕರೆಂಟು ಅಮೆಜಾನ್‌ನವರದ್ದು, ಯಾರಿಗೆ ಯಾವ ಕೀ ಕೊಡಬೇಕು ಅನ್ನುವುದು ನಮ್ಮದು ಅಂತ ವಿವರಿಸಿದೆ. 2019ರಲ್ಲಿ ಇದೇ ಅಮೆಜಾನ್ ಕ್ಲೌಡ್ ಬಳಸುತ್ತಿದ್ದ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ 10 ಕೋಟಿಗೂ ಜಾಸ್ತಿ ಜನರ ಮಾಹಿತಿ ಹೋದದ್ದೂ ಬ್ಯಾಂಕಿನದೇ ಫೈರ್‌ವಾಲ್ (ಹೊರಗಿನ ದಾಳಿ ತಡೆಯುವ ಕಾವಲು) ಸೆಟ್ಟಿಂಗ್ ತಪ್ಪಿನಿಂದ, ಜೊತೆಗೆ ಆ ಫೈರ್‌ವಾಲ್‌ಗೆ ಬೇಕಾದದ್ದಕ್ಕಿಂತ ಜಾಸ್ತಿ ಅಧಿಕಾರ ಇತ್ತು. ಹಾಗಾದರೆ ಸರ್ವರ್ ಆಫೀಸಿನಲ್ಲೇ ಇಡುವ ಅಂದರು ಸರ್. ನಮ್ಮೂರಿನ ಸಿಡಿಲಿಗಾ? ಬೇಡ ಅಂದೆ.

ಈಗ ಸರ್ವರ್‌ಗೆ ಕೀ ಇಲ್ಲವೇ ಇಲ್ಲ, ರೋಲ್ ಇದೆ, ಅಂದರೆ ಸರ್ವರ್‌ಗೇ ಕೊಟ್ಟ ಅನುಮತಿ, ಅದೂ ಆ ಒಂದು ಬಕೆಟ್‌ಗೆ ಮಾತ್ರ. ಖಾತೆಯ ಮುಖ್ಯ ಲಾಗಿನ್ ಆದ ರೂಟ್ ಲಾಗಿನ್‌ಗೆ ಎಂಎಫ್‌ಎ, ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಪರೀಕ್ಷೆ. ಬಿಲ್ 8 ಸಾವಿರ ದಾಟಿದರೆ ಸರ್ ಫೋನಿಗೇ ಮೆಸೇಜ್.

ಕಷ್ಟವಾದದ್ದು ವ್ಯಾಪಾರಿಗಳಿಗೆ ಹೇಳುವುದು. ಒಬ್ಬರು ಕೇಳಿದರು, "ನಮ್ಮ ಲೆಕ್ಕ ಯಾರಾದ್ರೂ ನೋಡಿದ್ದಾರಾ?" ಮಶೀನ್ ಶುರು ಮಾಡಿದ್ದು ಯಾರು, ಯೂಸರ್ ಮಾಡಿದ್ದು ಯಾರು ಅನ್ನುವುದು ಅಮೆಜಾನ್‌ನ ದಾಖಲೆ ಪುಸ್ತಕವಾದ ಕ್ಲೌಡ್‌ಟ್ರೇಲ್‌ನಲ್ಲಿ 90 ದಿನ ಸಿಗುತ್ತದೆ. ಆದರೆ ಬಕೆಟ್‌ನ ಫೈಲ್ ಯಾರು ತೆರೆದರು ಅನ್ನುವುದೂ ಅದರಲ್ಲಿ ಬೇಕಾದರೆ ಡೇಟಾ ಈವೆಂಟ್ ಅನ್ನುವುದನ್ನು ದುಡ್ಡು ಕೊಟ್ಟು ಬೇರೆಯಾಗಿ ಹಾಕಿರಬೇಕು. ನಾವು ಹಾಕಿರಲಿಲ್ಲ. ಎರಡು ದಿನ ಎಲ್ಲ ಹುಡುಕಿ ಅವರಿಗೆ ಫೋನ್ ಮಾಡಿ, "ಗೊತ್ತಾಗುವುದಿಲ್ಲ ಸರ್" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಹೇಳ್ಲಿಕ್ಕೆ ಎರಡು ದಿನ ಬೇಕಾಯ್ತಾ ಮಾರಾಯ?" ಅಂದರು.