ಈಲಿಯಲ್ಲಿ ಬಿಡಾರ ಹೂಡಿ ನೋಡಿದ ಚರ್ಚುಗಳು

ಇಂಗ್ಲೆಂಡಿನ ಹಳೆಯ ಊರುಗಳನ್ನೂ ಚರ್ಚುಗಳನ್ನೂ ನೋಡಲು ಮೊದಲ ಸಲ ಹೊರಟಾಗ ನಾನು ಐದು ದಿನಗಳಲ್ಲಿ ಒಂಬತ್ತು ಊರು ಸುತ್ತಿದ್ದೆ. ಮರಳಿದ ಮೇಲೆ ಫೋಟೊಗಳನ್ನು ನೋಡಿದರೆ ಯಾವ ಕಮಾನು ಯಾವ ಊರಿನದೆಂದು ನನಗೇ ತಿಳಿಯಲಿಲ್ಲ. ಹಾಗಾಗಿ ಎರಡನೆಯ ಸಲ ಪೂರ್ವ ಭಾಗವನ್ನಷ್ಟೇ ಆರಿಸಿಕೊಂಡು, ಈಲಿ ಎಂಬ ಪುಟ್ಟ ಊರಿನಲ್ಲಿ ನಾಲ್ಕು ರಾತ್ರಿಗೆ ಕೋಣೆ ಹಿಡಿದೆ. ಅಲ್ಲಿಂದ ನಾರಿಚ್, ಮಾರ್ಚ್, ಬರಿ ಸೇಂಟ್ ಎಡ್ಮಂಡ್ಸ್ ಎಂಬ ಮೂರು ಊರುಗಳಿಗೂ ನೇರ ರೈಲುಗಳಿರುವುದರಿಂದ ದಿನವೂ ಗಂಟುಮೂಟೆ ಕಟ್ಟುವ ಕೆಲಸ ತಪ್ಪಿತು.

ಈ ಸೀಮೆಯಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪ್ರತಿ ಕಟ್ಟಡದ ಮುಂದೆ ನಿಂತು, ಇದರ ಸಾಮಗ್ರಿ ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತ ಹೋದೆ. 1083ರಲ್ಲಿ ಆರಂಭವಾದ, ಬಿಷಪ್ಪರ ಪೀಠವಿರುವ ದೊಡ್ಡ ಚರ್ಚಾದ ಈಲಿ ಕೆಥೆಡ್ರಲ್‌ನ ಸುಣ್ಣಕಲ್ಲು ಬಾರ್ನಾಕ್‌ನ ಗಣಿಗಳಿಂದ ಜೌಗು ನೆಲದ ನೀರಿನ ದಾರಿಯಲ್ಲಿ ಬಂದದ್ದು. ಅದಕ್ಕೆ ಬದಲಾಗಿ ಈಲಿಯ ಸನ್ಯಾಸಿಗಳು, ಆ ಗಣಿಗಳ ಒಡೆತನವಿದ್ದ ಪೀಟರ್‌ಬರೊ ಮಠಕ್ಕೆ ವರ್ಷಕ್ಕೆ 8,000 ಹಾವುಮೀನುಗಳನ್ನು ಕೊಡುತ್ತಿದ್ದರು. 1322ರಲ್ಲಿ ನಡುಗೋಪುರ ಕುಸಿದುಬಿದ್ದಾಗ, ಮಠದ ಅಧಿಕಾರಿಯಾಗಿದ್ದ ಅಲನ್ ಆಫ್ ವಾಲ್ಸಿಂಗಂ ಅದನ್ನು ಮೊದಲಿನಂತೆಯೇ ಕಟ್ಟಿಸದೆ, ನಾಲ್ಕು ಕಂಬಗಳ ಬದಲು ಎಂಟು ಕಂಬಗಳನ್ನು ದೂರದೂರಕ್ಕೆ ನಿಲ್ಲಿಸಿದರು. ಅಷ್ಟು ಅಗಲವನ್ನು ಕಲ್ಲಿನಿಂದ ಮುಚ್ಚುವುದು ಸಾಧ್ಯವಿಲ್ಲದ್ದರಿಂದ, ವಿಲಿಯಂ ಹರ್ಲಿ ಎಂಬ ಬಡಗಿ ಸುಮಾರು 63 ಅಡಿ ಉದ್ದದ ಎಂಟು ಓಕ್ ತೊಲೆಗಳಿಂದ ಎಂಟು ಮೂಲೆಯ ಲಾಟೀನಿನಂಥ ಶಿಖರವನ್ನು ಎತ್ತಿದರು. ಕೆಳಗಿನಿಂದ ಕಲ್ಲಿನಂತೆಯೇ ಕಾಣುವ ಅದರ ಕಮಾನುಗಳೂ ಮರದವೇ. ಪ್ರತ್ಯೇಕ ಟಿಕೆಟು ಪಡೆದು 170 ಮೆಟ್ಟಿಲು ಹತ್ತಿದರೆ ಆ ತೊಲೆಗಳನ್ನು ಮುಟ್ಟಿ ನೋಡಬಹುದು. ಮಾರ್ಗದರ್ಶಿ ದೇವದೂತನ ಚಿತ್ರವಿದ್ದ ಹಲಗೆಯೊಂದನ್ನು ಬಾಗಿಲಿನಂತೆ ತೆರೆದಾಗ, ಕೆಳಗಿನ ಕುರ್ಚಿಗಳು ಬೆಂಕಿಪೊಟ್ಟಣಗಳಷ್ಟೇ ಕಂಡವು. ಒಂದೇ ಟಿಕೆಟಿಗೆ ಹಣವಿದ್ದರೆ ನಾನು ಅದನ್ನು ಇಲ್ಲಿಯೇ ಖರ್ಚು ಮಾಡುತ್ತೇನೆ. ಸಂಜೆಯ ಪ್ರಾರ್ಥನಾ ಗಾಯನಕ್ಕೆ ಹಣ ಕೊಡಬೇಕಾಗಿಲ್ಲ; ಎರಡು ಸಂಜೆ ಅಲ್ಲಿಯೇ ಕುಳಿತಿದ್ದೆ.

ನಾರಿಚ್‌ನಲ್ಲಿ ಕೆಥೆಡ್ರಲ್‌ಗೆ ಹೊಳೆಯ ಕಡೆಯಿಂದ ನಡೆದು ಹೋಗುವುದು ಒಳ್ಳೆಯದು. 1096ರಲ್ಲಿ ಕೆಲಸ ಆರಂಭವಾದಾಗ ಫ್ರಾನ್ಸಿನ ನಾರ್ಮಂಡಿಯ ಕಾನ್ ಊರಿನ ಕಲ್ಲನ್ನು ಸಮುದ್ರ ದಾಟಿಸಿ, ವೆನ್ಸಂ ಹೊಳೆಯಿಂದ ಕಟ್ಟಡದವರೆಗೆ ಕಾಲುವೆಯನ್ನೇ ತೋಡಿ ಸಾಗಿಸಿದ್ದರು. ಕಾಲುವೆ ಮುಚ್ಚಿಹೋಗಿದೆ, ಅದರ ಬಾಯಲ್ಲಿ ಆಮೇಲೆ ಕಟ್ಟಿದ ನೀರಬಾಗಿಲು ಉಳಿದಿದೆ. ಒಳಾಂಗಣದ ಸುತ್ತಲಿನ ಮೊಗಸಾಲೆಯ ಚಾವಣಿಯಲ್ಲಿ, ಕಮಾನಿನ ಪಟ್ಟಿಗಳು ಕೂಡುವಲ್ಲೆಲ್ಲ ಕೆತ್ತಿದ ಗುಬಟುಗಳಿವೆ. ನಾನು ಮುಖ ನೋಡುವ ಸಣ್ಣ ಕನ್ನಡಿಯನ್ನು ಅಂಗೈಯಲ್ಲಿ ಹಿಡಿದು ನಡೆದದ್ದರಿಂದ, ಎಲೆಗಳ ನಡುವಿನಿಂದ ಇಣುಕುವ ಮುಖವನ್ನು ಕತ್ತೆತ್ತದೆಯೇ ನೋಡಿದೆ.

ಮಾರ್ಚ್ ಊರಿನ ಸೇಂಟ್ ವೆಂಡ್ರೆಡಾ ಚರ್ಚಿನಲ್ಲಿ ಮಾತ್ರ ಕನ್ನಡಿ ಸಾಲದು. ಅದರ ಮರದ ಚಾವಣಿಯಲ್ಲಿ ರೆಕ್ಕೆ ಬಿಚ್ಚಿದ ಸುಮಾರು 120 ದೇವದೂತರಿದ್ದಾರೆ. ದುರ್ಬೀನು ಹಿಡಿದು ತಡಕಾಡುತ್ತಿದ್ದ ನನ್ನನ್ನು ಕಂಡು, ಹೂ ಜೋಡಿಸುತ್ತಿದ್ದ ಹಿರಿಯ ಮಹಿಳೆಯೊಬ್ಬರು, "ಬೆಂಚಿನ ಮೇಲೆ ಅಂಗಾತ ಮಲಗಿ ನೋಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ," ಎಂದರು. ಮಲಗಿಯೇ ನೋಡಿದೆ.

ಲ್ಯಾವೆನಂಗೆ ರೈಲಿಲ್ಲ, ಬರಿ ಸೇಂಟ್ ಎಡ್ಮಂಡ್ಸ್‌ನಿಂದ ಬಸ್ಸು ಹಿಡಿಯಬೇಕು. ಉಣ್ಣೆ ಬಟ್ಟೆಯ ವ್ಯಾಪಾರದಿಂದ ಹಣ ಕಂಡ ಈ ಊರಿನಲ್ಲಿ ಮರದ ಚೌಕಟ್ಟಿನ ಮನೆಗಳು ಒಂದಕ್ಕೊಂದು ವಾಲಿಕೊಂಡು ನಿಂತಿವೆ. ಚರ್ಚಿನ 141 ಅಡಿ ಎತ್ತರದ ಗೋಪುರಕ್ಕೆ ಬಳಸಿದ್ದು ಈ ಸೀಮೆಯದೇ ಆದ ಚಕಮಕಿ ಕಲ್ಲು. ಅದರ ಬುಡದಲ್ಲಿ ಆಕ್ಸ್‌ಫರ್ಡ್‌ನ ಅರ್ಲ್ ಎಂಬ ಬಿರುದು ಹೊತ್ತ ಶ್ರೀಮಂತ ಮನೆತನದ ನಕ್ಷತ್ರವಿದ್ದರೆ, ನೆತ್ತಿಯಲ್ಲಿ ಸ್ಪ್ರಿಂಗ್ ಎಂಬ ಬಟ್ಟೆ ವ್ಯಾಪಾರಿ ಮನೆತನದ ಲಾಂಛನ ಮತ್ತೆ ಮತ್ತೆ ಕಾಣುತ್ತದೆ. ಆ ಲಾಂಛನಗಳನ್ನು ದುರ್ಬೀನಿನಲ್ಲಿ ಎಣಿಸುತ್ತ ನಿಂತವನು, ವೇಳಾಪಟ್ಟಿಯಲ್ಲಿ ಶನಿವಾರದ ಸಾಲನ್ನು ಬಿಟ್ಟು ಬೇರೆ ಸಾಲನ್ನು ಓದಿಕೊಂಡಿದ್ದರಿಂದ, ಕೊನೆಯ ಬಸ್ಸನ್ನು ತಪ್ಪಿಸಿಕೊಂಡೆ. ಟ್ಯಾಕ್ಸಿಗೆ ತೆತ್ತದ್ದು ಆ ನಾಲ್ಕು ದಿನಗಳ ರೈಲು ಟಿಕೆಟುಗಳಿಗಿಂತಲೂ ಹೆಚ್ಚಾಯಿತು.